ಕಬ್ಬಿಣದ ಕೆಸರಿನಲ್ಲಿ ಮುಳ್ಳುತಾಳೆ

ಬುಧವಾರ, ಬ್ರುಮಾಡಿನ್ಯೊ

ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದಲ್ಲಿ ಗಣಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ರಾಜಧಾನಿ ಬೆಲೊ ಹೊರಿಜಾಂಟೆಯಿಂದ ಕಾರು ಹೊರಟು ಸ್ವಲ್ಪ ಹೊತ್ತಿಗೆಲ್ಲ ರಸ್ತೆಯಂಚಿನ ಗಿಡಗಳ ಎಲೆ ಕೆಂಪಾಗತೊಡಗುತ್ತದೆ. ಮುಂದಿನ ಲಾರಿಯ ಟಾರ್ಪಾಲಿನಡಿಯಿಂದ ಕಪ್ಪುಗೆಂಪು ಪುಡಿ ಉದುರುತ್ತದೆ. ಸಂಡೂರಿನಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ವಿದೇಶ ಎಂದು ನಂಬುವುದೇ ಕಷ್ಟ.

ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗಳು ನನ್ನನ್ನು ಕರೆಸಿಕೊಂಡದ್ದು ಓರೊ ಪ್ರೆಟೊದ ಹಳೆಯ ಇಗರ್ಜಿಗಳನ್ನು ತೋರಿಸುವುದಕ್ಕೆ. ನಾನು ಒಪ್ಪಿಕೊಂಡದ್ದು ಬೇರೆಯೇ ಆಸೆಯಿಂದ. ಗಣಿಯ ಕೆಸರು ಹರಡಿದ ನೆಲದಲ್ಲಿ ಇಲ್ಲಿನವರು ತಮ್ಮದೇ ನಾಡಿನ ತಾಳೆಜಾತಿಯ ಮರಗಳನ್ನು ಬೆಳೆಸಲು ನೋಡುತ್ತಿದ್ದಾರೆಂದು ಕೇಳಿದ್ದೆ. ಅಡಿಕೆ, ತೆಂಗು, ಈಚಲು, ಬೈನೆಗಳ ಈ ದೂರದ ನೆಂಟರಿಗೆ ಕಬ್ಬಿಣದ ರಾಡಿಯಲ್ಲಿ ಏನು ಕೆಲಸ ಎಂಬುದು ನನ್ನ ಕುತೂಹಲ.

ಮೊದಲು ಕರೆದೊಯ್ದದ್ದು ಇನ್ಯೊಟಿಂಗೆ. ಇದು ಕಲಾ ಸಂಗ್ರಹಾಲಯವೂ ಹೌದು, ಸಸ್ಯೋದ್ಯಾನವೂ ಹೌದು. ಕಬ್ಬಿಣದ ಅದಿರಿನಲ್ಲಿ ದುಡ್ಡು ಮಾಡಿದ ಬೆರ್ನಾರ್ಡೊ ಪಾಜ್ ಕಟ್ಟಿಸಿದ ಈ ತಾಣ ಸಾರ್ವಜನಿಕರಿಗೆ ತೆರೆದದ್ದು 2006ರಲ್ಲಿ. ತಾಳೆಜಾತಿಯ ಮರಗಳ ಮಟ್ಟಿಗೆ ಜಗತ್ತಿನ ದೊಡ್ಡ ಸಂಗ್ರಹಗಳಲ್ಲಿ ಇದೂ ಒಂದು. ಬೀಸಣಿಗೆ ಎಲೆಯವು, ಗರಿ ಎಲೆಯವು, ಕುಳ್ಳಗಿನವು, ಕತ್ತೆತ್ತಿದರೂ ತುದಿ ಕಾಣದವು. ಎಲ್ಲವೂ ಫಲಕ ಹೊತ್ತು ಸಾಲಾಗಿ ನಿಂತಿವೆ. ಚಂದವಿದೆ, ಇಲ್ಲವೆನ್ನುವುದಿಲ್ಲ. ಆದರೆ ಇದೇ ಬ್ರುಮಾಡಿನ್ಯೊ ಊರಿನ ವ್ಯಾಪ್ತಿಯಲ್ಲಿ 2019ರ ಜನವರಿ 25ರ ಮಧ್ಯಾಹ್ನ ವಾಲೆ ಎಂಬ ಗಣಿ ಕಂಪನಿಯ, ಅದಿರು ತೆಗೆದು ಉಳಿದ ಕೆಸರನ್ನು ತುಂಬಿಡುವ ಅಣೆಕಟ್ಟು ಒಡೆಯಿತು. ಊಟದ ಹೊತ್ತು. ಕಂಪನಿಯ ಊಟದ ಮನೆ ಅಣೆಕಟ್ಟಿನ ಕೆಳಗೇ ಇತ್ತು. ಸುಮಾರು 1.2 ಕೋಟಿ ಘನ ಮೀಟರ್ ಕೆಸರು ನುಗ್ಗಿ 270 ಜನ ಸತ್ತರು. ಇಬ್ಬರು ಗರ್ಭಿಣಿಯರ ಹೊಟ್ಟೆಯಲ್ಲಿದ್ದ ಕೂಸುಗಳನ್ನೂ ಸೇರಿಸಿ ಮನೆಯವರು 272 ಎಂದೇ ಎಣಿಸುತ್ತಾರೆ.

ಉದ್ಯಾನದ ಕಾವಲುಗಾರನನ್ನು ಈ ಸಂಗ್ರಹದಲ್ಲಿ ಇಲ್ಲಿಯದೇ ತಾಳೆ ಯಾವುದು ಎಂದು ಅಣ್ಣನ ಮಗಳಿಂದ ಕೇಳಿಸಿದೆ. ಅವನು ಗೇಟಿನಾಚೆಗಿನ ದನದ ಹುಲ್ಲುಗಾವಲಿನತ್ತ ಬೆರಳು ಮಾಡಿದ. ಅಲ್ಲಿ ಯಾರೂ ನೆಡದೆ ತಾವಾಗಿಯೇ ಬಂದ ಮಕಾವುಬ ಮರಗಳು ಚದುರಿ ನಿಂತಿದ್ದವು.

ಗುರುವಾರ, ಮರಿಯಾನ

ಮರಿಯಾನ ಹಳೆಯ ಚಿನ್ನದ ಊರು. ಕಲ್ಲು ಹಾಸಿದ ಬೀದಿ, ಜೋಡಿ ಇಗರ್ಜಿ, ನೀಲಿ ಕಿಟಕಿ ಎಲ್ಲ ಇವೆ. ಅವುಗಳ ವರ್ಣನೆಗೆ ಬೇರೆ ಪ್ರವಾಸ ಕಥನಗಳಿವೆ. ನಮ್ಮ ಕಾರು ನೇರವಾಗಿ, ಗಣಿಯ ಕೆಸರಿಗೆ ಸಿಕ್ಕ ಬೆಂಟೊ ರೊಡ್ರಿಗೆಸ್ ಹಳ್ಳಿಯ ದಾರಿ ಹಿಡಿಯಿತು.

ಆ ಹಳ್ಳಿಯ ಮೇಲಿನ ಕಬ್ಬಿಣದ ಗಣಿಯ ಕಥೆ ನಮ್ಮ ಕುದುರೆಮುಖ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಬೆಟ್ಟದ ಬಡ ಅದಿರನ್ನು ಪುಡಿ ಮಾಡಿ, ಕಬ್ಬಿಣವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಸಮುದ್ರದಂಡೆಗೆ ತಳ್ಳುವುದು. ಉಳಿದ ಕೆಸರನ್ನು ಕಣಿವೆಗೆ ಒಡ್ಡು ಕಟ್ಟಿ ತುಂಬಿಸುವುದು. ಅಲ್ಲಿ ಮಂಗಳೂರು ಮತ್ತು ಲಕ್ಯಾ ಅಣೆಕಟ್ಟು; ಇಲ್ಲಿ ಸುಮಾರು 400 ಕಿಲೋಮೀಟರ್ ಕೊಳವೆ ಮತ್ತು ಫುಂಡಾವ್ ಅಣೆಕಟ್ಟು. ಕುದುರೆಮುಖದ ಗಣಿ 2005ರ ಕೊನೆಗೆ ನ್ಯಾಯಾಲಯದ ಆದೇಶದಿಂದ ನಿಂತಿತು. ಫುಂಡಾವ್ 2015ರ ನವೆಂಬರ್ 5ರಂದು ಒಡೆಯಿತು. ವಾಲೆ ಮತ್ತು ಬಿಎಚ್‌ಪಿ ಪಾಲುದಾರಿಕೆಯ ಸಮಾರ್ಕೊ ಕಂಪನಿಯ ಒಡ್ಡು ಅದು. ಸುಮಾರು 4 ಕೋಟಿ ಘನ ಮೀಟರ್ ಕೆಸರು ಹರಿದು 19 ಜನ ಸತ್ತರು. ಕೆಸರು ಗ್ವಲಾಶೊ ಹೊಳೆಗೆ, ಅಲ್ಲಿಂದ ಕಾರ್ಮೊ ನದಿಗೆ, ಅಲ್ಲಿಂದ ರಿಯೊ ದೊಸಿಗೆ ಇಳಿದು, 600 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಎರಡು ವಾರದ ಮೇಲೆ ಅಟ್ಲಾಂಟಿಕ್ ಸೇರಿತು.

ಹಳೆಯ ಬೆಂಟೊದಲ್ಲಿ ಎತ್ತರದ ಮೇಲಿದ್ದ ಮೆರ್ಸೆಸ್ ಇಗರ್ಜಿ ಉಳಿದಿದೆ. ಕೆಳಗೆ ಛಾವಣಿಯಿಲ್ಲದ ಗೋಡೆಗಳಿವೆ. ಕಿಟಕಿಯ ಚೌಕಟ್ಟಿನ ಮಟ್ಟಕ್ಕೆ ಕೆಸರಿನ ಕಲೆ ಇನ್ನೂ ಕಾಣುತ್ತದೆ. ತಗ್ಗಿನ ಭಾಗವಂತೂ ಮತ್ತಷ್ಟು ಕೆಸರು ಹರಿಯದಂತೆ ಆಮೇಲೆ ಕಟ್ಟಿದ ಒಡ್ಡಿನ ನೀರಿನಡಿ ಮುಳುಗಿದೆ. ಊರಿನವರಿಗೆ ಹೊಸ ಬೆಂಟೊ ಬೇರೆ ಗುಡ್ಡದ ಮೇಲೆ ಎದ್ದಿದೆ. ಅಲ್ಲಿನ ಮನೆಗಳ ಕೀಲಿಕೈ ಜನರ ಕೈಸೇರತೊಡಗಿದ್ದು 2023ರಲ್ಲಿ.

ಹಾಳು ಗೋಡೆಗಳ ಒಳಗೆ ಈಗ ಗಿಡಗಳಿವೆ. ಅಡುಗೆಮನೆಯಾಗಿದ್ದ ಕಡೆ ಪಪ್ಪಾಯಿ ನಿಂತಿದೆ. ಅದನ್ನು ಹಕ್ಕಿ ತಂದಿರಬೇಕು, ಕಂಪನಿಯಲ್ಲ.

ಶುಕ್ರವಾರ, ಗ್ವಲಾಶೊ ಕಣಿವೆ

ಗ್ವಲಾಶೊ ದೊ ನಾರ್ಟೆಯನ್ನು ಇಲ್ಲಿ ನದಿ ಎನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ದೊಡ್ಡ ಹಳ್ಳ. ಎರಡೂ ಬದಿಗೆ ಹುಲ್ಲಿನ ಗುಡ್ಡ, ನಡುವೆ ಕಿರಿದಾದ ತಗ್ಗು ಗದ್ದೆ. ಕೆಸರು ಕೂತದ್ದು ಆ ತಗ್ಗಿನಲ್ಲೇ, ಎಂದರೆ ರೈತರ ಒಳ್ಳೆಯ ನೆಲದಲ್ಲೇ.

ಅಣ್ಣನ ಮಗಳ ಸಹೋದ್ಯೋಗಿಯೊಬ್ಬನ ಸೋದರಮಾವ ಇಲ್ಲಿ ಹಾಲಿನ ದನ ಸಾಕಿದ್ದಾರೆ. ಅರವತ್ತು ದಾಟಿದ ಮನುಷ್ಯ. ಮಾತಿಗಿಂತ ಟೋಪಿ ಸರಿಪಡಿಸಿಕೊಳ್ಳುವುದೇ ಹೆಚ್ಚು. ನಮ್ಮನ್ನು ನೇರ ಹೊಳೆಯ ದಂಡೆಗೆ ಕರೆದೊಯ್ದು, ನೀರು ಕೊರೆದು ಬಯಲಾದ ಅಂಚನ್ನು ತೋರಿಸಿದರು. ತೀರ ಕೆಳಗೆ ಕಪ್ಪು ಮಣ್ಣು, ಅದರೊಳಗೆ ಹಳೆಯ ಹುಲ್ಲಿನ ಬೇರಿನ ಗುರುತು. ಅದು ಅವರ ಅಜ್ಜನ ಕಾಲದ ನೆಲ. ಅದರ ಮೇಲೆ ಮೊಳಕಾಲುದ್ದಕ್ಕೂ ಮೀರಿದ ಕಂದುಗೆಂಪು ಪದರ. ಒಂದು ಕಲ್ಲಿಲ್ಲ, ಒಂದು ಎರೆಹುಳದ ತೂತಿಲ್ಲ. ಒಂದು ಹೆಂಟೆಯನ್ನು ಎತ್ತಿ ಕೈಯಲ್ಲಿ ಹಿಚುಕಿದೆ. ಟಾಲ್ಕಂ ಪೌಡರಿನಷ್ಟು ನಯವಾಗಿ ಉದುರಿ ಬೆರಳ ಸಂದಿಯಲ್ಲೆಲ್ಲ ಸೇರಿಕೊಂಡಿತು. ಆ ಪದರದ ಮೇಲೆ, ಒಂದು ಬೆರಳಿನ ದಪ್ಪಕ್ಕೆ, ತರಗೆಲೆ ಕೊಳೆತ ಹೊಸ ಮಣ್ಣು. ಹತ್ತಿರ ಹತ್ತಿರ ಹತ್ತು ವರ್ಷದ ಸಂಪಾದನೆ ಅಷ್ಟು.

ಕೆಸರು ಕೂತ ಮರುವರ್ಷ ಕಂಪನಿಯವರು ಮಣ್ಣು ಹಾರದಂತೆ, ಕೊಚ್ಚದಂತೆ ತುರ್ತಾಗಿ ಹುಲ್ಲು ಮತ್ತು ದ್ವಿದಳದ ಬೀಜ ಚೆಲ್ಲಿದರು. ಬೇಲಿಯ ಮೂಲೆಯಲ್ಲಿ ಮುದಿಯಾದ ಗಿಡವೊಂದನ್ನು ಕಂಡು ಅಣ್ಣನ ಮಗಳು ನಿಂತಳು.

"ಚಿಕ್ಕಪ್ಪ, ಇದು ನಮ್ಮ ತೊಗರಿ ಅಲ್ಲವೇ?"

ತೊಗರಿಯೇ. ಇಂಡಿಯಾದಲ್ಲಿ ಹುಟ್ಟಿ, ಆಫ್ರಿಕಾ ಹಾದು, ಗುಲಾಮರನ್ನು ತುಂಬಿದ ಹಡಗುಗಳ ಕಾಲದಲ್ಲಿ ಬ್ರೆಜಿಲ್ ಸೇರಿದ ಬೆಳೆ. ಸತ್ತ ನೆಲಕ್ಕೆ ಸಾರಜನಕ ಕೂಡಿಸುವ ಕೂಲಿ ಇಲ್ಲಿ ಅದರ ಪಾಲಿಗೆ ಬಂದಿದೆ.

ಹುಲ್ಲು, ತೊಗರಿಗಳ ಸರದಿ ಮುಗಿದ ಮೇಲೆ ಹೊಳೆಯಂಚಿಗೆ ಇಂಗಾ, ಎಂಬಾವುಬದಂಥ ಬೇಗ ಬೆಳೆಯುವ ನಾಡಮರಗಳು ಬಂದವು. ತಾಳೆಯ ಸರದಿ ಆಮೇಲಿನದು. ಇಷ್ಟು ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪತ್ರಿಕೆಗಳ ಚಿತ್ರದಲ್ಲಿ ಬೋಳು ಕೆಸರಿನ ನಡುವೆ ಒಂಟಿ ತಾಳೆ ಸಸಿ ನೆಟ್ಟು ನಗುವವರನ್ನು ನಂಬಬಾರದು. ಆ ಸಸಿ ಮೊದಲ ಬೇಸಿಗೆ ದಾಟುವುದು ಅನುಮಾನ.

ಮಕಾವುಬದ ತಾಯಿಮರ ಕೆಸರು ಮುಟ್ಟದ ಇಳಿಜಾರಿನಲ್ಲಿತ್ತು. ಕಾಂಡದ ತುಂಬ ಬೆರಳುದ್ದದ ಕರಿ ಮುಳ್ಳು; ಅಪ್ಪಿಕೊಳ್ಳುವ ಮರವಲ್ಲ. ಮೇಲೆ ಕೆದರಿದ ಗರಿಗಳ ಗೊಂಚಲು, ಕೆಳಗೆ ದನ ಮಲಗುವ ನೆರಳು. ಬಿದ್ದ ಹಣ್ಣು ನಿಂಬೆಕಾಯಿ ಗಾತ್ರದ್ದು, ಹಸಿರುಗಂದು. ರೈತರು ಒಂದನ್ನು ಕಲ್ಲಿಗೆ ಬಡಿದು ಕೊಟ್ಟರು. ಸಿಪ್ಪೆ ಮೊಟ್ಟೆಯ ಚಿಪ್ಪಿನ ಹಾಗೆ ಬಿರಿಯಿತು. ಒಳಗೆ ಹಳದಿ ತಿರುಳು, ಅರೆಸಿಹಿ, ವಿಪರೀತ ಅಂಟು. ನಾರು ಹಲ್ಲಿನ ಸಂದಿಗೆ ಹೋದರೆ ಸಂಜೆಯವರೆಗೆ ಕೆಲಸ. ಮಕ್ಕಳು ಇದನ್ನು ಚೂಯಿಂಗ್ ಗಮ್‌ನಂತೆ ಅಗಿಯುತ್ತಾರಂತೆ. ತಿರುಳಿನೊಳಗೆ ಕಲ್ಲಿನಷ್ಟು ಗಟ್ಟಿಯಾದ ಗೊರಟೆ, ಗೊರಟೆಯೊಳಗೆ ಕೊಬ್ಬರಿ ಬಣ್ಣದ ಬೀಜ. ತಿರುಳಿನಿಂದ ಒಂದು ಎಣ್ಣೆ, ಬೀಜದಿಂದ ಇನ್ನೊಂದು.

ದನ ಈ ಹಣ್ಣನ್ನು ಇಡಿಯಾಗಿ ನುಂಗುತ್ತವೆ. ರಾತ್ರಿ ಮಲಗಿ ಮೆಲುಕು ಹಾಕುವಾಗ ತಿರುಳನ್ನು ಉಳಿಸಿಕೊಂಡು ಗೊರಟೆಯನ್ನು ಉಗುಳುತ್ತವೆ. ಮಿನಾಸ್‌ನ ಹುಲ್ಲುಗಾವಲುಗಳಲ್ಲಿ ಮಕಾವುಬ ಅಲ್ಲಲ್ಲಿ ಎದ್ದು ನಿಂತಿರುವುದಕ್ಕೆ ದನದ ಈ ಅಭ್ಯಾಸವೂ ಒಂದು ಕಾರಣ. ಈಗ ಸಂಕಟ ನೋಡಿ. ಹೊಳೆಯಂಚಿನ ಸಸಿಗಳನ್ನು ಉಳಿಸಲು ಬೇಲಿ ಬೇಕು. ಬೇಲಿ ಹಾಕಿದರೆ ದನ ಒಳಗೆ ಹೋಗುವಂತಿಲ್ಲ. ದನ ಹೋಗದಿದ್ದರೆ ಮಕಾವುಬದ ಬೀಜ ಹೊರುವವರಿಲ್ಲ. ಬೇಲಿಯ ನಕ್ಷೆ ಬರೆದವರಿಗೆ ಇದು ಹೊಳೆದಿರಲಾರದು. ರೈತರು ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ದನ ಮಲಗುವ ಜಾಗದಲ್ಲಿ ಬೆಳಗ್ಗೆ ಗೊರಟೆ ಆಯ್ದು ಬಕೆಟ್ಟಿನಲ್ಲಿ ತುಂಬಿ, ಬೇಲಿಯಾಚೆಗೆ ಬೀಸಿ ಎಸೆಯುತ್ತಾರೆ.

"ಎಷ್ಟು ಹುಟ್ಟುತ್ತವೆ?" ಎಂದು ಕೇಳಿಸಿದೆ.

"ಕೆಲವು" ಎಂದರು. "ಎರಡು ವರ್ಷ ಕಾಯಬೇಕು. ನನಗೆ ಬೇರೆ ಅವಸರವೇನಿದೆ?"

ಬೇಲಿಯ ಒಳಗೆ ಅವರು ನೆಟ್ಟ ಸಸಿಗಳೂ ಇದ್ದವು. ತೀರ ನೀರಂಚಿಗೆ ನೆಟ್ಟಿರಲಿಲ್ಲ. ಮಕಾವುಬಕ್ಕೆ ಬೇರು ನೀರಿನಲ್ಲಿ ನಿಂತರೆ ಆಗುವುದಿಲ್ಲ, ಆ ಜಾಗ ಒದ್ದೆ ಸಹಿಸುವ ಜೆರಿವಾ ಎಂಬ ಇನ್ನೊಂದು ತಾಳೆಯದು. ಮಕಾವುಬದ ಸಸಿ ಮೊದಲು ಮೇಲಕ್ಕೆ ಬೆಳೆಯುವುದೇ ಇಲ್ಲ. ಎಳೆ ಕಾಂಡ ನೆಲದೊಳಗೆ ಕೆಳಕ್ಕೆ ಬಾಗಿ ಇಳಿದು, ಆಮೇಲೆ ಮೇಲಕ್ಕೆ ತಿರುಗುತ್ತದೆ. ಬೆಂಕಿಗೂ ದನದ ಬಾಯಿಗೂ ಸಿಗದೆ ಉಳಿಯುವ ಉಪಾಯ ಅದು. ಆದರೆ ಕೆಸರಿನ ಪದರ ಒಣಗಿದರೆ ಗಾರೆಯಂತಾಗುತ್ತದೆ, ಕಾಂಡ ಇಳಿಯಲಾರದು. ಹಾಗಾಗಿ ಇವರು ಗುಂಡಿಯನ್ನು ಹಾರೆಯಿಂದ ಹಳೆಯ ಕಪ್ಪು ನೆಲ ಸಿಗುವವರೆಗೆ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ ನೆಡುತ್ತಾರೆ. ಇದನ್ನು ಅವರಿಗೆ ಯಾವ ಎಂಜಿನಿಯರೂ ಹೇಳಿಕೊಟ್ಟದ್ದಲ್ಲ.

ಮನೆಯಲ್ಲಿ ಅವರ ಹೆಂಡತಿ ಕಾಫಿಯ ಜೊತೆ ಬಿಸಿ ಬಿಸಿ ಪಾವೊ ದೆ ಕೇಜೊ ಕೊಟ್ಟರು. ಮರಗೆಣಸಿನ ಹಿಟ್ಟು, ಚೀಸ್ ಕಲಸಿ ಸುಟ್ಟ ಉಂಡೆ. ಇಳಿಜಾರಿನ ತಾಯಿಮರದ ಹಣ್ಣನ್ನು ಆಕೆ ಮೊಮ್ಮಗನಿಗೆ ಕೊಡುತ್ತಾರೆ. ಬೇಲಿಯೊಳಗಿನ ಯಾವುದನ್ನೂ, ಸೊಪ್ಪಾಗಲಿ ಹಣ್ಣಾಗಲಿ, ಮನೆಯೊಳಗೆ ತರಲು ಬಿಡುವುದಿಲ್ಲ. ಪ್ರಯೋಗಾಲಯದ ವರದಿ ಏನಾದರೂ ಹೇಳಲಿ, ಆಕೆಯ ತೀರ್ಮಾನ ಅದು.

ಶನಿವಾರ, ಬಾರಾ ಲೊಂಗ

ಫುಂಡಾವ್ ಒಡೆದ ಮರುದಿನ ನಸುಕಿನಲ್ಲಿ ಕೆಸರು ಈ ಪುಟ್ಟ ಪೇಟೆಯ ಚೌಕಕ್ಕೆ ನುಗ್ಗಿತ್ತು. ಈಗ ಚೌಕ ಹೊಸದಾಗಿದೆ: ಹೊಸ ಕಲ್ಲು, ಹೊಸ ಬೆಂಚು, ಅಂಗಡಿಯಲ್ಲಿ ತಂಪು ಪಾನೀಯ. ಬೆಂಚಿನಲ್ಲಿ ಕೂತ ಮುದುಕರು ಪರಿಹಾರದ ಕಂತಿನ ಬಗ್ಗೆ ಮಾತಾಡುತ್ತಿದ್ದರು. ಆ ಮಾತಿನ ಧಾಟಿ ತಿಳಿಯಲು ಪೋರ್ಚುಗೀಸ್ ಬರಬೇಕಾಗಿಲ್ಲ.

ಭಾನುವಾರ ಇಡೀ ದಿನ ಮಳೆ ಹಿಡಿಯಿತು. ವಸತಿಗೃಹದಲ್ಲಿ ಕೂತು ಅಣ್ಣನ ಮಗಳಿಂದ ಕಾಗದಪತ್ರ ಓದಿಸಿದೆ. 2016ರ ಒಪ್ಪಂದದಂತೆ ಹುಟ್ಟಿದ ರೆನೋವ ಪ್ರತಿಷ್ಠಾನಕ್ಕೆ ರಿಯೊ ದೊಸಿ ಜಲಾನಯನದಲ್ಲಿ 40,000 ಹೆಕ್ಟೇರ್ ಕಾಡು ಮರಳಿಸುವ, 5,000 ನೀರಿನ ಸೆಲೆಗಳನ್ನು ಕಾಪಾಡುವ ಗುರಿ ಇತ್ತು. 2024ರ ಅಕ್ಟೋಬರಿನಲ್ಲಿ 170 ಶತಕೋಟಿ ಬ್ರೆಜಿಲ್ ರಿಯಲ್‌ಗಳ ಹೊಸ ಒಪ್ಪಂದವಾಗಿ, ಆ ಪ್ರತಿಷ್ಠಾನವನ್ನೇ ಮುಚ್ಚುವುದೆಂದಾಯಿತು. ತಾಳೆ ಕಾಯಿ ಬಿಡುವುದರೊಳಗೆ ನೆಡಿಸಿದ ಸಂಸ್ಥೆಯೇ ಇಲ್ಲ.

ಸೋಮವಾರ, ವಿಸೋಸ

ವಿಸೋಸದ ವಿಶ್ವವಿದ್ಯಾಲಯ 1926ರಲ್ಲಿ ಕೃಷಿ ಶಾಲೆಯಾಗಿ ಆರಂಭವಾದದ್ದು. ಮಕಾವುಬದ ವಿಷಯದಲ್ಲಿ ಬ್ರೆಜಿಲ್‌ನಲ್ಲಿ ಇವರ ಮಾತಿಗೆ ತೂಕವಿದೆ. ಸಸ್ಯಪಾಲನಾಲಯದಲ್ಲಿ ಸಿಕ್ಕ ಸಂಶೋಧಕಿ ಮೊದಲು ನಮ್ಮ ಕೈಗೆ ಕೊಟ್ಟದ್ದು ಗೊರಟೆ ಒಡೆಯಲು ಬೆಂಚಿಗೆ ಬಿಗಿದ ತಿರುಪಿನ ಇಕ್ಕಳವನ್ನು. ಹಿಡಿಕೆಯನ್ನು ತಿರುವಿ ಒತ್ತಿದರೆ ಗೊರಟೆ ಟಕ್ಕೆಂದು ಒಡೆಯುತ್ತದೆ, ಬೀಜಕ್ಕೆ ಏಟಾಗಬಾರದು. ನಾನು ಒಡೆದದ್ದರಲ್ಲಿ ಬೀಜವೂ ಚೂರಾಯಿತು; ಆಕೆ ಅದನ್ನು ಬಾಯಿಗೆ ಹಾಕಿಕೊಂಡರು. ಇಡಿಯಾಗಿ ಸಿಕ್ಕ ಬೀಜದ ಮೊಳಕೆಯ ಬಾಯಿಯ ಮುಚ್ಚಳವನ್ನು ಚಾಕುವಿನ ತುದಿಯಿಂದ ಕೆರೆದು, ಮೊಳಕೆಯನ್ನು ಎಬ್ಬಿಸುವ ಜಿಬ್ಬರೆಲಿಕ್ ಆಮ್ಲದಲ್ಲಿ ನೆನೆಸುತ್ತಾರೆ. ನೆಲದಲ್ಲಿ ವರ್ಷಗಟ್ಟಲೆ ಹಟ ಹಿಡಿಯುವ ಬೀಜ ಕೆಲವು ವಾರದಲ್ಲಿ ಮೊಳೆಯುತ್ತದೆ. ಈ ವಿದ್ಯೆ ಬಂದ ಮೇಲೆಯೇ ಮಕಾವುಬವನ್ನು ತೋಟದ ಬೆಳೆಯೆಂದು ಯೋಚಿಸಲು ಸಾಧ್ಯವಾದದ್ದು.

ಕೆಸರಿನಲ್ಲಿರುವ ವಿಷವನ್ನು ತಾಳೆ ಹೀರಿಕೊಳ್ಳುತ್ತದೆಯೇ ಎಂದು ಕೇಳಿದೆ. ಆಕೆ ತಲೆಯಾಡಿಸಿದರು.

"ನಿಮ್ಮ ಪ್ರಶ್ನೆಯೇ ತಪ್ಪು ದಾರಿಯದು. ಅಲ್ಲಿ ಸಸಿ ಸಾಯುವುದು ಹೆಚ್ಚಾಗಿ ಹಸಿವಿನಿಂದ, ಉಸಿರು ಕಟ್ಟಿ."

ಬಿಡಿಸಿ ಹೇಳಿದರು. ಅದಿರಿನ ಪುಡಿಯಿಂದ ಕಬ್ಬಿಣ ಬೇರ್ಪಡಿಸುವಾಗ ಮೆಕ್ಕೆಜೋಳದ ಪಿಷ್ಟ ಹಾಕಿ ಕಬ್ಬಿಣವನ್ನು ತಳಕ್ಕೆ ಕೂರಿಸುತ್ತಾರೆ. ಅಮೀನ್ ಎಂಬ ರಾಸಾಯನಿಕ ಬೆರೆಸಿ ಗಾಳಿ ಊದಿದರೆ ಮರಳು ನೊರೆಗೆ ಅಂಟಿ ತೇಲುತ್ತದೆ. ಇದೆಲ್ಲ ನಡೆಯಲು ಕಾಸ್ಟಿಕ್ ಸೋಡ ಬೇಕು. ಹೀಗೆ ಉಳಿದ ಕೆಸರಿನಲ್ಲಿ ಸೋಡಿಯಂ ಇದೆ, ಅಮೀನ್‌ನ ಉಳಿಕೆ ಇದೆ, ಮರಳು ಮತ್ತು ನುಣುಪು ಕಬ್ಬಿಣದ ಪುಡಿ ಇವೆ. ಕೊಳೆತ ಎಲೆಯ ಅಂಶ ಮಾತ್ರ ಇಲ್ಲ. ಹಾಕಿದ ರಂಜಕವನ್ನು ಕಬ್ಬಿಣದ ಆಕ್ಸೈಡ್ ಹಿಡಿದಿಟ್ಟುಕೊಳ್ಳುತ್ತದೆ. ಮೊದಲ ಮಳೆಗೆ ಮೇಲ್ಪದರ ಹೆಪ್ಪುಗಟ್ಟಿ ಗಾಳಿಯಾಡುವುದಿಲ್ಲ. ತಾಳೆಗೆ ತಾಯಿಬೇರಿಲ್ಲ. ಬುಡದಿಂದ ಹಗ್ಗದಂಥ ಬೇರುಗಳು ಗುಂಪಾಗಿ ಹೊರಟು ಮಣ್ಣನ್ನು ಹಿಡಿಯುತ್ತವೆ. ಸತ್ತ ಬೇರಿನ ಜಾಗದಲ್ಲಿ ಗಾಳಿಗೆ, ನೀರಿಗೆ ಕೊಳವೆ ಉಳಿಯುತ್ತದೆ. ಉದುರಿದ ಗರಿ ನಿಧಾನ ಕೊಳೆಯುತ್ತದೆ. ಹಣ್ಣಿಗೆ ಪ್ರಾಣಿ ಬರುತ್ತವೆ, ಅವುಗಳ ಲದ್ದಿಯಲ್ಲಿ ಇತರ ಮರಗಳ ಬೀಜ ಬರುತ್ತದೆ. ತಾಳೆಯಿಂದ ಆಗುವ ಕೆಲಸ ಇಷ್ಟು, ಮತ್ತು ಇದು ಸಣ್ಣ ಕೆಲಸವಲ್ಲ.

ಇನ್ನೊಂದು ಮಡಿಯಲ್ಲಿ ಜುಸಾರ ಸಸಿಗಳಿದ್ದವು. ದೂರದಿಂದ ಅಡಿಕೆ ಸಸಿಯೆಂದೇ ಅಂದುಕೊಂಡೆ. ಬೆಳೆದ ಮರಕ್ಕೂ ಅದೇ ಸಪೂರ ಕಾಂಡ, ತುದಿಯಲ್ಲಿ ಅದೇ ನಯವಾದ ಹಾಳೆ. ಅಟ್ಲಾಂಟಿಕ್ ಕರಾವಳಿ ಕಾಡಿನ ಈ ತಾಳೆಯ ತುದಿಯ ಎಳೆ ತಿರುಳು ಊಟದ ಮೇಜಿನಲ್ಲಿ ರುಚಿ. ಅದಕ್ಕಾಗಿ ಕಡಿದರೆ ಒಂಟಿ ಕಾಂಡದ ಮರ ಮತ್ತೆ ಚಿಗುರುವುದಿಲ್ಲ. ಕಳ್ಳರು ಕಡಿದು ಕಡಿದು ಕಾಡಿಗೆ ಕಾಡೇ ಬರಿದಾಗಿವೆ. ಅದರ ಕಪ್ಪುನೇರಳೆ ಹಣ್ಣನ್ನು ತಿಂದು ಬೀಜ ಹರಡುವುದು ಟೂಕನ್, ಜಾಕು ಮುಂತಾದ ದೊಡ್ಡ ಹಕ್ಕಿಗಳು. ಬ್ರೆಜಿಲ್‌ನ ಪರಿಸರ ವಿಜ್ಞಾನಿ ಮೌರೊ ಗಲೆಟ್ಟಿ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದು ಇದು: ದೊಡ್ಡ ಹಕ್ಕಿಗಳು ಇಲ್ಲವಾದ ಕಾಡುಗಳಲ್ಲಿ ಜುಸಾರದ ಬೀಜವೇ ಚಿಕ್ಕದಾಗಿದೆ. ಸಣ್ಣ ಬಾಯಿಯ ಹಕ್ಕಿಗಳು ನುಂಗಬಲ್ಲವು ಮಾತ್ರ ಹರಡಿ, ಉಳಿದವು ಬುಡದಲ್ಲೇ ಕೊಳೆತವು. ಚಿಕ್ಕ ಬೀಜ ಬೇಗ ಒಣಗುತ್ತದೆ. ಮಂಗಟ್ಟೆ ಇಲ್ಲದ ಮಲೆನಾಡನ್ನು ನೆನೆದರೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ಜುಸಾರದ ಎಳೆ ಸಸಿಗೆ ನೆರಳು ಬೇಕೇ ಬೇಕು. ಕೆಸರಿನ ಮೇಲೆ ಇಂಗಾ ಮರಗಳು ಕೊಡೆ ಬಿಚ್ಚುವ ತನಕ ಅದನ್ನು ಒಯ್ದು ಪ್ರಯೋಜನವಿಲ್ಲ. ಬಿಸಿಲು ಸಹಿಸುವ ಮಕಾವುಬ ಅದಕ್ಕಿಂತ ಮುಂಚೆ ಹೋಗಬಹುದು. ಯಾವ ತಾಳೆ ಎಂಬುದಕ್ಕಿಂತ ಯಾರ ನಂತರ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಹಣದ ಮಾತೂ ಬಂತು. 2011ರಲ್ಲಿಯೇ ಮಿನಾಸ್ ರಾಜ್ಯ ಮಕಾವುಬಕ್ಕಾಗಿ ಕಾಯ್ದೆ ಮಾಡಿದೆ. ಅಸೆಲೆನ್ ಎಂಬ ಕಂಪನಿ ವಿಮಾನದ ಇಂಧನಕ್ಕೆಂದು ಬಾಹಿಯಾ ಮತ್ತು ಉತ್ತರ ಮಿನಾಸ್‌ನ ಸವಕಲು ಹುಲ್ಲುಗಾವಲುಗಳಲ್ಲಿ ಎಣ್ಣೆ ತಾಳೆಗಳ ತೋಟಕ್ಕೆ ಯೋಜನೆ ಹಾಕಿದೆ. ಅದರಲ್ಲಿ ಮಕಾವುಬದ್ದೇ ದೊಡ್ಡ ಪಾಲು, ಒಟ್ಟು ಸುಮಾರು 2 ಲಕ್ಷ ಹೆಕ್ಟೇರ್. ತೋಟವಾಗಿ ಅದು ಒಳ್ಳೆಯದೇ ಇರಬಹುದು. ಆದರೆ ಒಂದೇ ಜಾತಿಯ ಸಾಲು ನೆಟ್ಟು ಅದನ್ನು ನೆಲ ಗುಣವಾಯಿತೆಂದು ಕರೆಯುವ ದಿನ ದೂರವಿಲ್ಲ ಎಂಬುದು ನನ್ನ ಅಂಜಿಕೆ. ಸಂಶೋಧಕಿ ಇದಕ್ಕೆ ಉತ್ತರಿಸಲಿಲ್ಲ. ಅವರ ಪ್ರಯೋಗಾಲಯಕ್ಕೂ ಯಾರಾದರೂ ದುಡ್ಡು ಕೊಡಬೇಕಲ್ಲ.

ಮಂಗಳವಾರ, ಕಂಡೊಂಗ

ಕೆಸರಿನ ಒಂದು ದೊಡ್ಡ ಪಾಲನ್ನು ತಡೆದು ನಿಲ್ಲಿಸಿದ್ದು ರಿಯೊ ದೊಸಿ ಹುಟ್ಟುವಲ್ಲಿನ ಕಂಡೊಂಗ ಜಲವಿದ್ಯುತ್ ಅಣೆಕಟ್ಟು. ಸುಮಾರು 1 ಕೋಟಿ ಘನ ಮೀಟರ್ ಕೆಸರು ಇಲ್ಲಿ ಜಮೆಯಾಯಿತು. ಅದನ್ನು ಎತ್ತಿ ರಾಶಿ ಹಾಕುವ ಕೆಲಸವೇ ವರ್ಷಗಟ್ಟಲೆ ನಡೆದಿದೆ. ದಂಡೆಯ ಮೇಲಿನ ರಾಶಿಗೆ ಹುಲ್ಲು ಹೊದಿಸಿದ್ದಾರೆ, ನೋಡಿದರೆ ಗುಡ್ಡವೆಂದೇ ಅನ್ನಿಸುತ್ತದೆ. ಸಂಡೂರಿನ ಡಂಪುಗಳೂ ಈಗ ಹಾಗೆಯೇ ಕಾಣುತ್ತವೆ.

ಮರಳುವ ದಾರಿಯಲ್ಲಿ ಅಣ್ಣನ ಮಗಳು ಕೇಳಿದಳು: "ನಮ್ಮಲ್ಲಿ ಇದಕ್ಕೆ ಯಾವ ಮರ, ಚಿಕ್ಕಪ್ಪ?"

ಈಚಲು ಎಂದೆ. ಬಳ್ಳಾರಿ ಸೀಮೆಯ ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವ ಮರ. ಮಳೆ ಕಮ್ಮಿಯಾದರೂ, ನೆಲ ಚೌಳಾದರೂ ಗೊಣಗುವುದಿಲ್ಲ. ಅದರ ಹಣ್ಣಿಗೆ ಕರಡಿ, ನರಿ ಬರುತ್ತವೆ. ದರೋಜಿ ಕರಡಿಧಾಮ ಸಂಡೂರಿಗೆ ದೂರವೇನಲ್ಲ. ಇಲ್ಲಿ ದನ ಮಾಡುವ ಕೆಲಸ ಅಲ್ಲಿ ಕರಡಿಯದು. ಗಣಿಯ ಡಂಪಿನಿಂದ ಮಳೆಗೆ ಇಳಿದ ಪುಡಿ ಸೇರುವುದೂ ಆ ಹಳ್ಳಗಳಿಗೇ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯ ಮಾಡಿತು. ಗಣಿ ಬಾಧಿತ ಪ್ರದೇಶದ ಸುಧಾರಣೆಗೆಂದು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಯೂ ಇದೆ. ದುಡ್ಡಿನ ಕೊರತೆ ಅಲ್ಲ.

ಆ ರಾತ್ರಿಯೇ ಊರಿನ ಕಡೆ ಸಸಿ ಬೆಳೆಸುವ ಪರಿಚಿತರೊಬ್ಬರಿಗೆ ಮೊಬೈಲಿನಲ್ಲಿ ಸಂದೇಶ ಕಳಿಸಿದೆ: ಈ ಸಲ ಈಚಲ ಬೀಜ ಹಾಕುತ್ತೀರಾ? ಬೆಳಗ್ಗೆ ಉತ್ತರ ಬಂದಿತ್ತು. "ಹಾಕೋಣ ಸಾರ್. ಆದರೆ ಈಚಲನ್ನು ಯಾರೂ ಕೇಳುವುದಿಲ್ಲ. ಎಷ್ಟು ಸಸಿ ಕೊಳ್ಳುತ್ತೀರಿ, ಮೊದಲು ಹೇಳಿ."

ನೂರು ಎಂದು ಬರೆದೆ. ಮುಂಗಡ ಕೇಳಿದರು, ಕಳಿಸಿದ್ದೇನೆ.